ಕಿಟಕಿಯ ಗೀರು ಮತ್ತು ಅತ್ತೆಯ ಬಳೆ

ಬಳ್ಳಾರಿಯಲ್ಲಿ ನಿಮ್ಮ ಕಾರಿನ ಬಣ್ಣ ಯಾವುದೆಂದು ಕೇಳುವವರು ಪರವೂರಿನವರೇ ಆಗಿರಬೇಕು. ಇಲ್ಲಿ ಯಾವ ಬಣ್ಣದ ಕಾರನ್ನು ಕೊಂಡು ತಂದರೂ ಎರಡು ವಾರದೊಳಗೆ ಅದು ಸಂಡೂರಿನ ಅದಿರಿನ ಗುಡ್ಡಗಳ ಕೆಂಪು ಬಣ್ಣಕ್ಕೆ ತಿರುಗಿ, ಊರಿನ ಉಳಿದ ಕಾರುಗಳ ಗುಂಪಿನಲ್ಲಿ ಸೇರಿಹೋಗುತ್ತದೆ. ನನ್ನದು ಆರ್‌ಸಿ ಪುಸ್ತಕದ ಪ್ರಕಾರ ಬಿಳಿಯ ಕಾರು. ಅದರ ಬಣ್ಣದ ಬಗ್ಗೆ ನಾನು ಎಂದೋ ಆಸೆ ಬಿಟ್ಟಿದ್ದೆ. ಆದರೆ ಗಾಜಿನ ಬಗ್ಗೆ ಬಿಟ್ಟಿರಲಿಲ್ಲ. ಆದ್ದರಿಂದಲೇ, ಒಂದು ಬೆಳಿಗ್ಗೆ ಬಲಗಡೆಯಿಂದ ಎಳೆಬಿಸಿಲು ಬಿದ್ದಾಗ ನನ್ನ ಪಕ್ಕದ ಕಿಟಕಿಯ ಗಾಜಿನ ಮೇಲೆ ಮೇಲಿನಿಂದ ಕೆಳಗೆ ತೂಗುಗುಂಡು ಬಿಟ್ಟು ಎಳೆದಂತಹ ಹತ್ತಾರು ನೇರ ಗೀರುಗಳು ಹೊಳೆದದ್ದನ್ನು ಕಂಡು, ಕಾಲೇಜಿಗೆ ಹೋಗುವುದನ್ನು ಮರೆತು ರಸ್ತೆಯ ಬದಿಯಲ್ಲಿ ಕಾರನ್ನು ನಿಲ್ಲಿಸಿಬಿಟ್ಟೆ. ಇಳಿದು ನೋಡಿದರೆ ಹಿಂಬದಿಯ ಬಲ ಕಿಟಕಿಯಲ್ಲಿಯೂ ಅದೇ ಸಾಲುಗಳಿದ್ದವು. ಎಡಬದಿಯ ಎರಡು ಗಾಜುಗಳು ಮಾತ್ರ ಮದುಮಗಳ ಕನ್ನಡಿಯಂತಿದ್ದವು.

ಗಾಜಿನ ವಿಷಯದಲ್ಲಿ ನನಗೆ ಹಳೆಯ ನೋವೊಂದಿದೆ. ನನ್ನ ಹಿಂದಿನ ಕಾರಿನ ಹಣೆಬರಹವನ್ನು ಸರ್ವೋಚ್ಚ ನ್ಯಾಯಾಲಯ ಎರಡು ಬಾರಿ ತಿದ್ದಿತ್ತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಆದೇಶವಾಗಿ, ಅದಿರಿನ ಲಾರಿಗಳು ಕಡಿಮೆಯಾಗಿ, ಕಾರಿನ ಗಾಜಿಗೆ ಒಂದಷ್ಟು ಉಸಿರಾಡಲು ಬಿಡುವು ಸಿಕ್ಕಿತು. ಮರುವರ್ಷದ ಏಪ್ರಿಲ್ 27ರಂದು ಅದೇ ನ್ಯಾಯಾಲಯ ಕಾರಿನ ಗಾಜಿಗೆ ಅಂಟಿಸಿದ ಕಪ್ಪು ಫಿಲ್ಮುಗಳನ್ನೆಲ್ಲ ತೆಗೆಯಬೇಕೆಂದು ಹೇಳಿತು. ಪಕ್ಕದ ಗಾಜಿನ ಮೂಲಕ ಕನಿಷ್ಠ ಶೇಕಡ 50ರಷ್ಟು, ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಶೇಕಡ 70ರಷ್ಟು ಬೆಳಕು ಹಾಯಬೇಕೆಂಬ ನಿಯಮ 1989ರಿಂದಲೇ ಇತ್ತಂತೆ. ನಾವು ಗಾಜಿನೊಳಗೆ ಕತ್ತಲನ್ನು ಸಾಕಿಕೊಂಡಿದ್ದರಿಂದ ಅದು ನಮಗೆ ಕಂಡಿರಲಿಲ್ಲ. ಮೇ ನಾಲ್ಕರಿಂದ ಪೊಲೀಸರು ಹಿಡಿಯುತ್ತಾರೆಂದು ತಿಳಿದು, ಮೂರನೆಯ ತಾರೀಖಿನ ರಾತ್ರಿ ನಾನು ಗಡ್ಡದ ಬ್ಲೇಡನ್ನು ಅರ್ಧ ಮುರಿದುಕೊಂಡು ಫಿಲ್ಮು ಕೆರೆಯಲು ಕುಳಿತೆ. ಬಿಸಿನೀರಿನ ಬಟ್ಟೆಯಿಂದ ಅಂಟನ್ನು ಮೆತ್ತಗೆ ಮಾಡಿ, ಸಾಬೂನಿನ ನೀರು ಹಚ್ಚಿ, ಮೂಲೆಯಿಂದ ನಿಧಾನವಾಗಿ ಸುಲಿಯಬೇಕಿತ್ತೆಂದು ನನಗೆ ಗೊತ್ತಾದದ್ದು, ಒಣಗಾಜಿನ ಮೇಲೆ ನಾನು ಕೆರೆದ ಚಿತ್ತಾರವನ್ನು ಬೆಳಕಿನಲ್ಲಿ ನೋಡಿದ ಮೇಲೆ. ಆ ಕಾರನ್ನು ಮಾರುವಾಗ ಕೊಳ್ಳಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಕರಡಿಯನ್ನು ಸಾಗಿಸುತ್ತಿದ್ದಿರಾ?" ಎಂಬುದಾಗಿತ್ತು.

ಹೀಗಾಗಿ ಹೊಸ ಕಾರಿನ ಗಾಜನ್ನು ನಾನು ಕಣ್ಣಿನ ರೆಪ್ಪೆಯಂತೆ ಕಾಯ್ದಿದ್ದೆ. ಪ್ರತಿ ಬೆಳಿಗ್ಗೆ ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದೆ. ಕಿಟಕಿ ಏರಿಸುವಾಗ ಕಿರ್ರೆಂದು ಸದ್ದು ಬಂದರೆ ರಬ್ಬರಿನ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಇಷ್ಟು ಮಾಡಿದ ಮೇಲೂ ಗೀರು ಬಿದ್ದಿದೆಯೆಂದರೆ ಅದು ಬೇರೆಯವರ ಕೆಲಸವೇ ಆಗಿರಬೇಕೆಂದು ತೀರ್ಮಾನಿಸಿ ತನಿಖೆ ಆರಂಭಿಸಿದೆ.

ಮೊದಲನೆಯ ಅನುಮಾನ ಬೀದಿನಾಯಿಯ ಮೇಲೆ ಹೋಯಿತು. ನಮ್ಮ ಓಣಿಯ ಕಂದುನಾಯಿಯೊಂದು ಕಾರು ನಿಂತ ಕೂಡಲೇ ಮುಂಗಾಲೆತ್ತಿ ಕಿಟಕಿಯೊಳಗೆ ಇಣುಕಿ, ಬಿಸ್ಕತ್ತಿನ ಪೊಟ್ಟಣವಿದೆಯೇ ಎಂದು ಪರಿಶೀಲಿಸುವ ಪದ್ಧತಿ ಇಟ್ಟುಕೊಂಡಿದೆ. ಎರಡನೆಯ ಅನುಮಾನ ಎದುರುಮನೆಯ ಹುಡುಗನ ಮೇಲೆ, ಅವನ ಜೇಬಿನಲ್ಲಿ ಸದಾ ಇರುವ ಒಂದು ರೂಪಾಯಿಯ ನಾಣ್ಯದ ಮೇಲೆ ಹೋಯಿತು. ಮೂರನೆಯದನ್ನು ಬಾಯಿಬಿಟ್ಟು ಹೇಳಬಾರದಿತ್ತು, ಹೇಳಿದೆ. ನಮ್ಮ ಅತ್ತೆ ಯಾವಾಗಲೂ ಕೂರುವುದು ನನ್ನ ಹಿಂದಿನ ಆಸನದಲ್ಲಿ. ಅವರ ಬಲಗೈಯಲ್ಲಿ ಎರಡು ಚಿನ್ನದ ಬಳೆಗಳಿವೆ, ಅವುಗಳ ನಡುವೆ ಒಂದು ಡಜನ್ ಹಸಿರು ಗಾಜಿನ ಬಳೆಗಳಿವೆ, ಆ ಕೈಯನ್ನು ಅವರು ಕಿಟಕಿಗೆ ಆನಿಸಿಕೊಂಡು ಕೂರುತ್ತಾರೆ. ಊಟದ ಹೊತ್ತಿನಲ್ಲಿ ನಾನು ಬಹಳ ಸೌಮ್ಯವಾಗಿ, "ಬಳೆ ಗಾಜಿಗೆ ತಾಗುತ್ತದೆಯೇನೋ" ಎಂದೆ. ಅತ್ತೆ ಏನೂ ಹೇಳಲಿಲ್ಲ. ಮರುದಿನದ ಸಾರಿಗೆ ಒಗ್ಗರಣೆ ಇರಲಿಲ್ಲ.

ನಾಲ್ಕು ದಿನ ಒಗ್ಗರಣೆಯಿಲ್ಲದ ಸಾರು ಉಂಡ ಮೇಲೆ, ನಮ್ಮ ಕಾಲೇಜಿನ ಭೂವಿಜ್ಞಾನದ ಮೇಷ್ಟ್ರ ಬಳಿ ನನ್ನ ಸಂಕಟವನ್ನು ತೋಡಿಕೊಂಡೆ. ಅವರು ನಗುತ್ತ ಕಲ್ಲುಗಳ ಪೆಟ್ಟಿಗೆಯನ್ನು ತೆರೆದು, ಯಾವ ವಸ್ತು ಯಾವುದನ್ನು ಗೀರಬಲ್ಲದೆಂದು ಹೇಳುವ ಗಡಸುತನದ ಪಟ್ಟಿಯನ್ನು ವಿವರಿಸಿದರು. ಅದನ್ನು 1812ರಲ್ಲಿ ರೂಪಿಸಿದವನು ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್. ಹೆಸರಿನಲ್ಲಿ ಮೋಸವಿದ್ದರೂ ಅಳತೆಯಲ್ಲಿಲ್ಲ. ಒಂದರಿಂದ ಹತ್ತರವರೆಗಿನ ಈ ಏಣಿಯಲ್ಲಿ ವಜ್ರ ಹತ್ತನೆಯ ಮೆಟ್ಟಿಲಲ್ಲಿದ್ದರೆ, ಕಿಟಕಿಯ ಗಾಜು ಸುಮಾರು ಐದೂವರೆಯಲ್ಲಿದೆ. ಉಗುರು ಎರಡೂವರೆ, ಆದ್ದರಿಂದ ನಾಯಿ ನಿರ್ದೋಷಿ. ಚಿನ್ನ ಎರಡೂವರೆಯಿಂದ ಮೂರು. "ನಿಮ್ಮ ಅತ್ತೆಯವರ ಬಳೆ ಗಾಜಿಗೆ ತಿಕ್ಕಿದರೆ ಸವೆಯುವುದು ಬಳೆಯೇ ಹೊರತು ಗಾಜಲ್ಲ. ನ್ಯಾಯವಾಗಿ ನೀವೇ ಅವರಿಗೆ ಪರಿಹಾರ ಕೊಡಬೇಕು," ಎಂದರು ಮೇಷ್ಟ್ರು. ಗಾಜಿನ ಬಳೆಯಾದರೋ ಗಾಜಿನ ಜಾತಿಯದೇ. ನಾಣ್ಯದ ಹುಡುಗನನ್ನು ಅವರು ಇನ್ನೂ ಸುಲಭವಾಗಿ ಬಿಡುಗಡೆ ಮಾಡಿದರು: ಎಂಟು ವರ್ಷದ ಯಾವ ಮಗುವೂ ಸ್ಕೇಲು ಇಟ್ಟುಕೊಂಡು ತಂಟೆ ಮಾಡುವುದಿಲ್ಲ. ಕೊನೆಗೆ ಅವರು ಪೆಟ್ಟಿಗೆಯಿಂದ ಬೆಣಚುಕಲ್ಲಿನ ಚೂರೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದು ಏಳು. ಬೀದಿಯ ಮರಳಿನಲ್ಲಿ, ಧೂಳಿನಲ್ಲಿ ಇರುವುದು ಬಹುಮಟ್ಟಿಗೆ ಇದರ ಪುಡಿಯೇ. ನಮ್ಮೂರಿನ ಕೆಂಪು ಅದಿರು ಹೆಮಟೈಟ್ ಕೂಡ ಗಾಜಿನ ಆಸುಪಾಸಿನ ಗಡಸುತನದ್ದೇ.

ಧೂಳೇ ಕಳ್ಳನೆಂದು ಗೊತ್ತಾಯಿತು. ಆದರೆ ಧೂಳಿಗೆ ನೇರವಾಗಿ ಗೆರೆ ಎಳೆಯುವುದನ್ನು ಕಲಿಸಿದವರು ಯಾರು? ಅದನ್ನು ತೋರಿಸಿಕೊಟ್ಟವನು ಗ್ಯಾರೇಜಿನ ಹುಡುಗ. ಅವನು ಕಿಟಕಿಯನ್ನು ಪೂರ್ತಿ ಇಳಿಸಿ, ಬಾಗಿಲಿನ ಅಂಚಿಗೆ ಗಾಜನ್ನು ಅಪ್ಪಿಕೊಂಡಿರುವ ರಬ್ಬರಿನ ಬೀಡಿಂಗನ್ನು ಎಬ್ಬಿ ತೆಗೆದು, ಅದರ ಒಳಮೈಯನ್ನು ನನ್ನ ಮೂಗಿನ ಮುಂದೆ ಹಿಡಿದ. ಅಲ್ಲಿ ಮಖಮಲ್ಲಿನಂತಹ ನವುರಾದ ಎಳೆಗಳ ಪಟ್ಟಿಯೊಂದು ಇರಬೇಕಂತೆ. ಗಾಜು ಬಾಗಿಲಿನೊಳಗೆ ಇಳಿಯುವಾಗ ಅದರ ಮೇಲಿನ ನೀರನ್ನೂ ಕೊಳೆಯನ್ನೂ ಹೊರಗೇ ತಡೆಯುವುದು ಆ ಪಟ್ಟಿಯ ಕೆಲಸ. ತಡೆದ ಧೂಳನ್ನು ಅದು ಎಲ್ಲಿ ಇಡಬೇಕು? ತನ್ನ ಮಡಿಲಲ್ಲೇ ಇಟ್ಟುಕೊಳ್ಳುತ್ತದೆ. ಹಾಗೆ ಮಡಿಲು ಸೇರಿದ ಮರಳಿನ ಕಣವೊಂದು ಅಲ್ಲೇ ಬೀಡುಬಿಟ್ಟರೆ, ಗಾಜು ಏರಿದಾಗಲೊಮ್ಮೆ ಇಳಿದಾಗಲೊಮ್ಮೆ ಅದೇ ಜಾಗದಲ್ಲಿ ಒಂದು ನೇರ ಗೆರೆ. ಕಣ ನಿಂತಲ್ಲೇ ಇರುತ್ತದೆ. ಗಾಜನ್ನು ಅದರ ಬಾಯಿಗೆ ಕೊಡುವವರು ಸ್ವಿಚ್ ಒತ್ತುವ ನಾವು.

ನನ್ನ ಬೀಡಿಂಗಿನಲ್ಲಿ ಮಖಮಲ್ಲು ಕಾಣಿಸುತ್ತಲೇ ಇರಲಿಲ್ಲ. ಬದಲಿಗೆ ಒಬ್ಬಟ್ಟಿನ ಹೂರಣದಂತಹ ಕೆಂಪು ಮುದ್ದೆಯೊಂದು ಮೆತ್ತಿಕೊಂಡಿತ್ತು. ಹುಡುಗ ಅದನ್ನು ಮೂಸಿ ನೋಡಿ, "ಸಾರ್, ಇದಕ್ಕೆ ಕೊಬ್ಬರಿ ಎಣ್ಣೆ ಯಾರು ಹಾಕಿದ್ದು?" ಎಂದು ಕೇಳಿದ. ನಾನು ಗ್ಯಾರೇಜಿನ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಎಣ್ಣೆ ಹಚ್ಚಿದ್ದರಿಂದ ಕಿರ್ರೆನ್ನುವ ಸದ್ದು ನಿಂತದ್ದೇನೋ ನಿಜ. ಆದರೆ ಹಾದಿಯಲ್ಲಿ ಹೋಗುವ ಧೂಳನ್ನೆಲ್ಲ ಮದುವೆಯೂಟಕ್ಕೆ ಕರೆದಂತೆ ಕರೆದು ಕೂರಿಸಿ, ಗಾಜನ್ನು ಉಜ್ಜಲು ಹದವಾದ ಲೇಪವನ್ನು ನಾನೇ ತಯಾರಿಸಿಕೊಟ್ಟಿದ್ದೆ. ಬನಿಯನ್ನಿನ ಕಥೆಯೂ ಅಷ್ಟೇ. ಒಣಧೂಳಿನ ಮೇಲೆ ಒಣಬಟ್ಟೆ ಎಳೆಯುವುದೆಂದರೆ ಮರಳುಕಾಗದ ಹಾಕಿ ತಿಕ್ಕಿದಂತೆಯೇ ಎಂದು ಹುಡುಗ ಹೇಳಿದಾಗ, ಬೆಳಕಿಗೆ ಹಿಡಿದು ನೋಡಿದೆ. ನೇರ ಗೀರುಗಳ ನಡುವೆ, ಕೈ ತಿರುಗಿದ ಕಡೆಗೆಲ್ಲ ತಿರುಗಿದ ಸಣ್ಣ ಸಣ್ಣ ಸುಳಿಗಳಿದ್ದವು. ದಿನವೂ ಬೆಳಿಗ್ಗೆ ಆರೂವರೆಗೆ ನಾನೇ ಕೈಯಾರೆ ಬಿಡಿಸಿದ ರಂಗೋಲಿ.

"ಇದು ಟಫನ್ಡ್ ಗ್ಲಾಸ್ ಅಲ್ಲವೇನಪ್ಪ?" ಎಂದು ಕೊನೆಯ ಅಸ್ತ್ರ ಬಿಟ್ಟೆ. ಹೌದು, ಬಾಗಿಲಿನ ಗಾಜನ್ನು ಸಾಮಾನ್ಯವಾಗಿ 600 ಡಿಗ್ರಿಗೂ ಮೀರಿ ಕಾಯಿಸಿ ಥಟ್ಟನೆ ತಣ್ಣಗೆ ಮಾಡಿ ಗಟ್ಟಿಗೊಳಿಸಿರುತ್ತಾರೆ. ಆದ್ದರಿಂದಲೇ ಅದು ಒಡೆದರೆ ಚೂರಿಯಂತಹ ಸೀಳುಗಳಾಗದೆ ಕಲ್ಲುಸಕ್ಕರೆಯ ಹರಳುಗಳಂತೆ ಉದುರುತ್ತದೆ. ಎದುರಿನ ಗಾಜಾದರೆ ಎರಡು ಪದರಗಳ ನಡುವೆ ಪ್ಲಾಸ್ಟಿಕ್ಕಿನ ಹಾಳೆಯಿಟ್ಟು ಬೆಸೆದದ್ದು. ಆದರೆ ಈ ಗಟ್ಟಿತನವೆಲ್ಲ ಏಟಿಗೆ ಮಾತ್ರ, ಗೀರಿಗಲ್ಲ. ಪೈಲ್ವಾನನಾದರೂ ಸೊಳ್ಳೆ ಕಚ್ಚಿದರೆ ತುರಿಸಿಕೊಳ್ಳಲೇಬೇಕಲ್ಲ.

ಬಲಬದಿಯ ಎರಡು ಗಾಜುಗಳೇ ಏಕೆ ಹಾಳಾದವೆಂಬ ಒಗಟು ಆಗ ತಾನಾಗಿಯೇ ಬಿಡಿಸಿಕೊಂಡಿತು. ಮುಂದಿನದನ್ನು ನಾನು ದಾರಿ ಕೇಳಲು, ಕಡಲೆಕಾಯಿ ಕೊಳ್ಳಲು, ಎದುರಿನವರನ್ನು ಬೈಯಲು ಇಳಿಸುತ್ತಿದ್ದೆ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗುವವರೆಗೂ ಪ್ರತಿ ಟೋಲಿನಲ್ಲಿ ಚಿಲ್ಲರೆಗಾಗಿ ಇಳಿಸುತ್ತಿದ್ದುದು ಬೇರೆ. ಹಿಂದಿನದನ್ನು ಅತ್ತೆ ಇಳಿಸುತ್ತಿದ್ದರು. ಅವರಿಗೆ ಎಲೆಅಡಿಕೆಯ ಅಭ್ಯಾಸವಿದೆ. ಹೊಸಪೇಟೆ ತಲುಪುವುದರೊಳಗೆ ಹನ್ನೆರಡು ಬಾರಿಯಾದರೂ ಕಿಟಕಿ ಇಳಿಯುತ್ತದೆ, ಏರುತ್ತದೆ. ಅಂದರೆ ಅತ್ತೆಯನ್ನು ನಾನು ಅನುಮಾನಿಸಿದ್ದು ಪೂರ್ತಿ ತಪ್ಪಾಗಿರಲಿಲ್ಲ, ಬಳೆಯ ಬದಲು ಅಡಿಕೆ ಎನ್ನಬೇಕಿತ್ತು. ಈ ಸಂಶೋಧನೆಯನ್ನು ನಾನು ಮನೆಯಲ್ಲಿ ಇನ್ನೂ ಪ್ರಕಟಿಸಿಲ್ಲ. ಒಗ್ಗರಣೆ ಈಗಷ್ಟೇ ಮರಳಿ ಬಂದಿದೆ.

ಬಿದ್ದ ಗೀರನ್ನು ಅಳಿಸಲು ಹೋದದ್ದು ಇನ್ನೊಂದು ಪ್ರಹಸನ. ಹಲ್ಲಿನ ಪೇಸ್ಟು ಹಚ್ಚಿ ತಿಕ್ಕಿದರೆ ಗೀರು ಮಾಯವಾಗುತ್ತದೆಂದು ಹೇಳಿದವರು ಒಬ್ಬಿಬ್ಬರಲ್ಲ. ಅರ್ಧ ಟ್ಯೂಬು ಖರ್ಚಾಯಿತು, ಕಾರಿನಿಂದ ಪುದೀನದ ವಾಸನೆ ಬಂತು, ಗೀರು ಮಾತ್ರ ಮೊದಲಿಗಿಂತ ಫಳಫಳನೆ ಹೊಳೆಯಿತು. ಹಲವು ಪೇಸ್ಟುಗಳಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಮೋಸನ ಏಣಿಯಲ್ಲಿ ಅದರ ಸ್ಥಾನ ಮೂರು. ಮೂರರವನು ಐದೂವರೆಯವನನ್ನು ಏನು ತಾನೇ ಮಾಡಿಯಾನು? ಆಮೇಲೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ತಿರುಗುವ ಉಣ್ಣೆಯ ಚಕ್ರದಿಂದ ಪಾಲಿಷ್ ಮಾಡುವ ಒಂದು ಅಂಗಡಿಗೆ ಹೋದೆ. ಉಗುರಿಗೆ ತಾಗದ ತೆಳು ಗೀರುಗಳು ಹೋದವು. ಉಗುರು ಸಿಕ್ಕಿಕೊಳ್ಳುವಷ್ಟು ಆಳದವುಗಳನ್ನು ಮುಟ್ಟಬೇಡಿರೆಂದು ಅಲ್ಲಿನವರು ಹೇಳಿದರೂ ನಾನು ಹಟ ಹಿಡಿದೆ. ಆಳಕ್ಕೆ ಉಜ್ಜಿದ ಜಾಗದಲ್ಲಿ ಗಾಜು ತಗ್ಗಾಗಿ, ಅದರ ಮೂಲಕ ಬಲಗಡೆಯ ಕನ್ನಡಿಯನ್ನು ನೋಡಿದರೆ ಹಿಂದಿನಿಂದ ಬರುವ ಬಸ್ಸು ಒಂದು ಕ್ಷಣ ಮೀನಿನಂತೆ ಬಳುಕಿ, ಮತ್ತೆ ಬಸ್ಸಾಗುತ್ತಿತ್ತು.

ಕೊನೆಗೆ ಮುಂದಿನ ಗಾಜನ್ನೂ ಎರಡು ಬೀಡಿಂಗುಗಳನ್ನೂ ಬದಲಾಯಿಸಿ, ಗ್ಯಾರೇಜಿನ ಹುಡುಗ ಹೇಳಿದ ಕಟ್ಟಳೆಗಳನ್ನು ಮನೆಯಲ್ಲಿ ಜಾರಿಗೆ ತಂದೆ. ವಾರಕ್ಕೊಮ್ಮೆ ಬಣ್ಣ ಹಚ್ಚುವ ಮೆತ್ತನೆಯ ಬ್ರಶ್ಶಿನಿಂದ ಬೀಡಿಂಗಿನ ಸಂದನ್ನು ಗುಡಿಸುವುದು, ಸದ್ದು ಬಂದರೆ ಎಣ್ಣೆಯ ಬದಲು ಸಿಲಿಕೋನ್ ಸ್ಪ್ರೇ ಹೊಡೆಯುವುದು, ಮೊದಲು ಧಾರಾಳ ನೀರು ಸುರಿದು ಮರಳನ್ನು ಇಳಿಸಿದ ಮೇಲಷ್ಟೇ ಮೈಕ್ರೋಫೈಬರ್ ಬಟ್ಟೆ ಮುಟ್ಟಿಸುವುದು. ಗಾಜಿನ ಮೇಲೆ ಧೂಳು ಕೂತಿರುವಾಗ ಕಿಟಕಿಯನ್ನು ಇಳಿಸಕೂಡದು ಎಂಬುದು ಕೊನೆಯ ಕಟ್ಟಳೆ. ಬಳ್ಳಾರಿಯಲ್ಲಿ ಇದರ ಅರ್ಥ ಕಿಟಕಿಯನ್ನು ಇಳಿಸಲೇಕೂಡದು ಎಂದಾಗುತ್ತದೆ. ಆದ್ದರಿಂದ ಕಾರಿನಲ್ಲಿ ಸದಾ ಒಂದು ಬಾಟಲಿ ನೀರು ಇಟ್ಟುಕೊಂಡೆ.

ಕಳೆದ ತಿಂಗಳು ಹೊಸಪೇಟೆಗೆ ಹೋಗುವಾಗ ಹಿಂದಿನಿಂದ "ಹ್ಞೂಂ, ಹ್ಞೂಂ" ಎಂಬ ಸದ್ದು ಕೇಳಿತು. ಅತ್ತೆಯ ಬಾಯಿ ತುಂಬಿತ್ತು. ನಾನು, "ಒಂದು ನಿಮಿಷ ಇರಿ ಅತ್ತೆ," ಎಂದು ಕಾರು ನಿಲ್ಲಿಸಿ, ಇಳಿದು, ಅವರ ಕಿಟಕಿಗೆ ಬಾಟಲಿಯಿಂದ ಸಾವಕಾಶವಾಗಿ ಅಭಿಷೇಕ ಆರಂಭಿಸಿದೆ. ಮೇಲಿನ ಅಂಚು ಮುಗಿದು, ನಡುಭಾಗ ಮುಗಿದು, ಬೀಡಿಂಗಿನ ಬಳಿ ಬಗ್ಗಿ ನೋಡುತ್ತಿರುವಾಗ ಅವರ ಸಹನೆ ಮುಗಿಯಿತು. ಸ್ವಿಚ್ಚು ಒತ್ತಿದ ಸದ್ದು ಕೇಳಿ ನಾನು ತಲೆ ಎತ್ತುವಷ್ಟರಲ್ಲಿ ಗಾಜು ಇಳಿದಿತ್ತು. ತೊಳೆದ ಗಾಜಾದ್ದರಿಂದ ಒಂದು ಗೀರೂ ಬೀಳಲಿಲ್ಲ. ನಾನು ಉಟ್ಟಿದ್ದುದು ಬಿಳಿಯ ಪಂಚೆ, ಬಿಳಿಯ ಅಂಗಿ. ಹೊಸಪೇಟೆಯ ಮದುವೆಮನೆಯ ಬಾಗಿಲಲ್ಲಿ ಬೀಗರೊಬ್ಬರು ಗಾಬರಿಯಿಂದ, "ದಾರಿಯಲ್ಲಿ ಏನಾದರೂ ಅಪಘಾತವಾಯಿತೇ?" ಎಂದು ವಿಚಾರಿಸಿದರು. ಅತ್ತೆಯೇ ಮುಂದೆ ಬಂದು, "ಅಂಥದ್ದೇನಿಲ್ಲ, ಅಳಿಯಂದಿರು ಗಾಜು ತೊಳೆಯುತ್ತಿದ್ದರು," ಎಂದು ಸಮಾಧಾನ ಹೇಳಿದರು.

ಮೊನ್ನೆ ಎದುರುಮನೆಯ ಹುಡುಗ ಹೊಸ ಗಾಜಿನ ಕೆಂಪು ಧೂಳಿನ ಮೇಲೆ ಬೆರಳಿನಿಂದ ದುಂಡಗೆ "ಅಂಕಲ್ ಕಾರು ತೊಳೀರಿ" ಎಂದು ಬರೆದ. ಒಣಬಟ್ಟೆಯಿಂದ ಒರೆಸುವಂತಿಲ್ಲ, ನಲ್ಲಿಯಲ್ಲಿ ನೀರು ಬರುವ ದಿನ ಇನ್ನೂ ದೂರವಿತ್ತು. ಹಾಗಾಗಿ ಮೂರು ದಿನ ಆ ಆದೇಶವನ್ನು ಹೊತ್ತುಕೊಂಡೇ ಕಾಲೇಜಿಗೆ ಹೋಗಿಬಂದೆ. ನಾಲ್ಕನೆಯ ದಿನ ನೀರು ಬಂದು, ಶಾಸ್ತ್ರೋಕ್ತವಾಗಿ ತೊಳೆದು ನೋಡಿದರೆ, ಬಿಸಿಲಿನ ಓರೆಯಲ್ಲಿ "ತೊ" ಎಂಬ ಅಕ್ಷರ ಇನ್ನೂ ಕಾಣುತ್ತಿರುವಂತೆ ಅನುಮಾನವಾಯಿತು. ಬೆರಳಿನ ಜಿಡ್ಡೋ, ಗೀರೋ ತಿಳಿಯಲು ಗಾಜಿಗೆ ಮೂಗು ಹಚ್ಚಿ, ಉಗುರಿನಿಂದ ಒಂದೊಂದೇ ಅಂಗುಲವನ್ನು ಕೆರೆದು ಪರೀಕ್ಷಿಸುತ್ತಿದ್ದೆ. ಕಂದುನಾಯಿ ಪಕ್ಕದಲ್ಲಿ ಮುಂಗಾಲೆತ್ತಿ ನಿಂತು ಅದೇ ಕಿಟಕಿಯೊಳಗೆ ಇಣುಕುತ್ತಿತ್ತು. ಬಾಗಿಲಿಗೆ ಬಂದ ನನ್ನ ಹೆಂಡತಿ ನಮ್ಮಿಬ್ಬರನ್ನೂ ಒಂದು ಕ್ಷಣ ನೋಡಿ, ಒಳಗೆ ತಿರುಗಿ ಹೇಳಿದಳು: "ಅಮ್ಮಾ, ಗೀರುವವರು ಸಿಕ್ಕಿದರು, ಬಾ ಇಲ್ಲಿ."