ಎಣ್ಣೆ ಅಲ್ಲ ಸಾರ್, ವೈನು

ಆ ಹಳೇ ಕಟ್ಟಡದ ಸುದ್ದಿ ನೀವೂ ಓದಿರುತ್ತೀರಿ. ನೂರು ವರ್ಷ ದಾಟಿದ ಕಲ್ಲು ಕಟ್ಟಡ, ಮಂಕಿ ಟಾಪ್ ಕಿಟಕಿ, ಮದ್ರಾಸ್ ತಾರಸಿ, ಮುಂದೆ ಒಂದು ಹಲಸಿನ ಮರ. ಈಗ ಅಲ್ಲಿ ವೈನ್ ಅಂಗಡಿ, ಕೆಳಗೆ ಟೇಸ್ಟಿಂಗ್ ಸೆಲ್ಲರ್, ಅಂದರೆ ದುಡ್ಡು ಕೊಟ್ಟು ವೈನ್ ರುಚಿ ನೋಡುವ ನೆಲಮಾಳಿಗೆ. 'ಪಾರಂಪರಿಕ ಕಟ್ಟಡಕ್ಕೆ ಮರುಜೀವ' ಅಂತ ಪೇಪರ್‌ನಲ್ಲಿ ಹಾಕಿದ್ದರು. ಅದು ಸತ್ತಿದ್ದೇ ನಮ್ಮ ಬೀದಿಯವರಿಗೆ ಗೊತ್ತಿರಲಿಲ್ಲ. ಮೊನ್ನೆ ಮೊನ್ನೆಯವರೆಗೂ ಅಲ್ಲಿ ಲೈಬ್ರರಿ ಇತ್ತು.

ಮೊದಲು ಭಾಷೆಯ ಗೊಂದಲ ಬಗೆಹರಿಸಿಕೊಳ್ಳೋಣ. ಬೆಂಗಳೂರಿನಲ್ಲಿ 'ವೈನ್ ಶಾಪ್' ಅಂದರೆ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುವ ಜಾಗ. ಬೋರ್ಡ್ ಮೇಲೆ ಆಳೆತ್ತರಕ್ಕೆ 'ವೈನ್ಸ್' ಅಂತ ಬರೆದಿರುತ್ತದೆ. ಒಳಗೆ ವಿಸ್ಕಿ, ಬ್ರಾಂದಿ, ರಮ್ಮು. 'ಒಂದು ವೈನ್ ಕೊಡಪ್ಪ' ಅಂತ ಕೇಳಿ ನೋಡಿ. ಜಾಲರಿ ಹಿಂದಿನ ಹುಡುಗ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಸ್ಟೂಲ್ ಹತ್ತಿ, ಧೂಳು ಹಿಡಿದ ಬಾಟಲಿಯೊಂದನ್ನು ಇಳಿಸಿ, ಅಂಗಿ ತೋಳಲ್ಲಿ ಒರೆಸಿ, 'ಕೇಕಿಗಾ ಸಾರ್?' ಅನ್ನುತ್ತಾನೆ.

ಆ ಅಂಗಡಿಗಳದ್ದು ಸಿಎಲ್-2 ಲೈಸೆನ್ಸ್. ತಗೊಂಡು ಹೋಗಬೇಕು, ಅಲ್ಲೇ ಕುಡಿಯುವ ಹಾಗಿಲ್ಲ. ಹಾಗಾಗಿ ಜನ ಪಕ್ಕದ ಟ್ರಾನ್ಸ್‌ಫಾರ್ಮರ್ ಹಿಂದೆ ಟೇಸ್ಟಿಂಗ್ ನಡೆಸುತ್ತಾರೆ. ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು, ನೆಂಚಿಕೊಳ್ಳಲು ಎರಡು ರೂಪಾಯಿ ಉಪ್ಪಿನಕಾಯಿ. ಪೊಲೀಸ್ ಜೀಪ್ ಸದ್ದು ಕೇಳಿದರೆ ಲೋಟ ಅಲ್ಲೇ ಬಿಟ್ಟು ಓಡುತ್ತಾರೆ. ಇದು ಎಣ್ಣೆ. ಇದನ್ನೇ ಕಾಲು ಉದ್ದವಿರುವ ಗಾಜಿನ ಲೋಟದಲ್ಲಿ, ಹಳದಿ ದೀಪದ ಕೆಳಗೆ ಕೂತು ಮಾಡಿದರೆ ಸಂಸ್ಕೃತಿ.

ಸರ್ಕಾರಕ್ಕೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪ್ಯಾಕೆಟ್ ಸಾರಾಯಿ ಬಡವರ ಮನೆ ಹಾಳು ಮಾಡುತ್ತದೆ ಅಂತ. ಸರಿಯೇ, ಮಾಡುತ್ತಿತ್ತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ವೈನಿಗೆ ಅಂತಲೇ ಒಂದು ಮಂಡಳಿಯೂ ಆಯಿತು. ಒಂದು ಕೈಯಲ್ಲಿ ಪ್ಯಾಕೆಟ್ ಕಿತ್ತುಕೊಂಡರು, ಇನ್ನೊಂದು ಕೈಯಲ್ಲಿ ಗ್ಲಾಸ್ ಕೊಟ್ಟರು. ಅದೇ ಮನುಷ್ಯನಿಗಲ್ಲ, ಅಷ್ಟೇ.

ಇರಲಿ. ನನ್ನ ಅಕ್ಕನ ಮಗ ಐಟಿಯಲ್ಲಿದ್ದಾನೆ. 'ಸುಮ್ನೆ ಬೈಕೊಂಡು ಕೂರಬೇಡಿ ಮಾಮ, ಒಂದ್ಸಲ ಬಂದು ನೋಡಿ' ಅಂತ ಶನಿವಾರ ಎಳೆದುಕೊಂಡು ಹೋದ. ಐದು ಗುಟುಕಿಗೆ ತಲೆಗೆ ಎರಡೂವರೆ ಸಾವಿರ. ದುಡ್ಡು ಅವನದ್ದು, ಹಾಗಾಗಿ ನನ್ನ ವಿಮರ್ಶೆ ನಿಷ್ಪಕ್ಷಪಾತವಾಗಿದೆ.

ಮುಂದಿನ ಗೇಟಿಗೆ ಬೀಗ. ಹಿಂದಿನ ಗಲ್ಲಿಯಿಂದ ಸುತ್ತಿ ಬರಬೇಕು. ಯಾಕೆ ಅಂತ ನಿಮಗೆ ಗೊತ್ತಿರಬೇಕು. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಹೆಂಡದ ಅಂಗಡಿ ಇರಬಾರದು ಅನ್ನುತ್ತದೆ ಅಬಕಾರಿ ನಿಯಮ. ಮುಂದಿನ ಗೇಟಿನಲ್ಲಿ ನಿಂತರೆ ಆಂಜನೇಯನ ಗುಡಿಯ ಗಂಟೆ ಕಿವಿಯಲ್ಲೇ ಹೊಡೆಯುತ್ತದೆ. ಹಿಂದಿನ ಗಲ್ಲಿಯಿಂದ ಟೇಪ್ ಹಿಡಿದರೆ ದೇವರು ಆರಾಮಾಗಿ 100 ಮೀಟರ್ ಆಚೆ ಹೋಗುತ್ತಾನೆ. ಸಂಜೀವಿನಿ ಪರ್ವತವನ್ನೇ ಎತ್ತಿದವನು, ಇಷ್ಟು ಜರುಗುವುದು ಏನು ಮಹಾ?

ಬೋರ್ಡ್‌ನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವುದು ಕಾನೂನು. ಇಲ್ಲಿ ಇದೆ, ಸುಳ್ಳು ಹೇಳಬಾರದು. ಫ್ರೆಂಚ್‌ನಲ್ಲಿ ನೆಲಮಾಳಿಗೆಗೆ 'ಕಾವ್' ಅಂತಾರಂತೆ. ಅದನ್ನೇ ದಪ್ಪ ಕನ್ನಡ ಅಕ್ಷರದಲ್ಲಿ ಕೆತ್ತಿಸಿದ್ದಾರೆ. ಊರಿಗೆಲ್ಲ ತಂಪಾಗಿರಬೇಕಾದ ಜಾಗಕ್ಕೆ ಕಾವು ಅಂತ ಹೆಸರು. ಪಕ್ಕದ ಮನೆ ರಾಯರು ಎರಡು ದಿನ ಅದನ್ನು ಕೋಳಿ ಫಾರ್ಮ್ ಅಂದುಕೊಂಡಿದ್ದರು.

ಕೆಳಗೆ ಇಳಿದರೆ ನಿಜಕ್ಕೂ ತಂಪು. 13 ಡಿಗ್ರಿ ಇಟ್ಟಿದ್ದೇವೆ ಅಂದ ಅಲ್ಲಿನ ಹುಡುಗ. ಕಪ್ಪು ಏಪ್ರನ್, ಒಳ್ಳೇ ಮಾತು. ಬಾಟಲಿಗಳನ್ನು ಮಲಗಿಸಿದ್ದಾರೆ, ಮಕ್ಕಳ ವಾರ್ಡಿನ ಹಾಗೆ. ಅದು ನೋಡಿದ ತಕ್ಷಣ ನನಗೆ ನೆನಪಾಗಿದ್ದು ಅಜ್ಜಿ ಊರಿನ ಹಗೇವು. ಮಂಡ್ಯ ಕಡೆಯವರಿಗೆ ಹೇಳಬೇಕಿಲ್ಲ. ಮನೆ ಮುಂದೆ ನೆಲದೊಳಗೆ ಗುಡಾಣದಂಥ ಗುಂಡಿ, ಬಾಯಿ ಕಿರಿದು, ಹೊಟ್ಟೆ ಅಗಲ. ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆದ ತಕ್ಷಣ ಯಾರೂ ಇಳಿಯುವ ಹಾಗಿಲ್ಲ. ಬಾಯಿ ತೆರೆದು ಬಿಡಬೇಕು. ಆಮೇಲೆ ಹಗ್ಗದಲ್ಲಿ ದೀಪ ಇಳಿಬಿಡಬೇಕು. ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅಜ್ಜಿ ಒಂದು ಹಿಡಿ ರಾಗಿ ತೆಗೆದು, ಮೂಗಿಗೆ ಹಿಡಿದು, ಎರಡು ಕಾಳು ಬಾಯಿಗೆ ಹಾಕಿಕೊಂಡು, 'ಇದು ಬರ ಬಂದ್ ವರ್ಸದ ಹಿಂದಿನ್ದು ಕನಾ' ಅನ್ನುತ್ತಿದ್ದಳು. ಅವಳಿಗೆ ಯಾರೂ ಏಪ್ರನ್ ಕಟ್ಟಲಿಲ್ಲ.

'ಈಗಷ್ಟೇ ಓಪನ್ ಮಾಡಿದೀವಿ ಸಾರ್, ವೈನ್ ಸ್ವಲ್ಪ ಉಸಿರಾಡಬೇಕು' ಅಂದ ಹುಡುಗ. 'ನಮ್ಮಜ್ಜಿ ಹಗೇವೂ ಉಸಿರಾಡಬೇಕಿತ್ತಪ್ಪ, ಇಲ್ಲದಿದ್ದರೆ ಇಳಿದವನ ಉಸಿರು ನಿಲ್ಲುತ್ತಿತ್ತು' ಅಂದೆ. ಅಕ್ಕನ ಮಗ ನನ್ನ ಕಾಲು ತುಳಿದ.

ಮೊದಲ ಗುಟುಕು. 'ಒದ್ದೆ ಮಣ್ಣು, ಹಳೇ ಚರ್ಮ, ಸ್ವಲ್ಪ ತಂಬಾಕು ಗೊತ್ತಾಗ್ತಿದೆಯಾ ಸಾರ್?' ಗೊತ್ತಾಗದೆ ಏನು, ಮಳೆಗಾಲದಲ್ಲಿ ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಿಂದ ಬಸ್ ಹತ್ತಿದರೆ ಇದೇ ವಾಸನೆ. ಅಲ್ಲಿ ಇದಕ್ಕೆ ಟಿಕೆಟ್ ಬೇರೆ ತಗೋಬೇಕಿಲ್ಲ. ಗೋಡೆ ಮೇಲೆ ಚರ್ಚಿಲ್ ಫೋಟೊ ಇತ್ತು. ಯಾಕೆ ಅಂದರೆ 'ಹೆರಿಟೇಜ್ ಸಾರ್'. ಚರ್ಚಿಲ್ ಇಲ್ಲಿ ಸೈನ್ಯದಲ್ಲಿದ್ದಾಗ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದವನು. 1899ರ ಆ ಲೆಕ್ಕದ ಪುಸ್ತಕವನ್ನು ಕ್ಲಬ್ ಜೋಪಾನ ಮಾಡಿದೆ. ನಮ್ಮ ಬೀದಿ ಕೊನೆಯ ಕಾಂಡಿಮೆಂಟ್ಸ್‌ನಲ್ಲಿ ನನ್ನದೂ 40 ರೂಪಾಯಿ ಬಾಕಿ ಇದೆ. ಅದನ್ನು ಯಾರೂ ಪರಂಪರೆ ಅನ್ನುತ್ತಿಲ್ಲ. ಹೋದಾಗಲೆಲ್ಲ ನೆನಪಿಸುತ್ತಾರೆ.

ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಇದೆಯಾ ಅಂತ ಕೇಳಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಹಣ್ಣು. ಇದು ಈ ಸೀಮೆಯದ್ದೇ ಅನ್ನುವ ಗುರುತು, ಜಿಐ ಟ್ಯಾಗ್, 2013ರಲ್ಲಿ ಸಿಕ್ಕಿದೆ. ಹೆಸರಲ್ಲೇ ಊರಿದೆ. ಹುಡುಗನ ಮುಖ ಸ್ವಲ್ಪ ಸಣ್ಣದಾಯಿತು. 'ಅದು ಜ್ಯೂಸಿಗೆ ಸಾರ್, ನಮ್ಮ ಕ್ಲೈಂಟ್ಸ್‌ಗೆ ಆಗಲ್ಲ.' ಹಾಗಾದರೆ ಪಾರಂಪರಿಕ ಅಂದರೆ ಗೋಡೆ ಮಾತ್ರ. ಹಣ್ಣು ಅಲ್ಲ.

ಆಮೇಲೆ ಉಗುಳುವುದು. ಕುಡಿಯಬೇಕು ಅಂತಿಲ್ಲವಂತೆ, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಬಹುದು. ಎರಡೂವರೆ ಸಾವಿರ ಕೊಟ್ಟು ಉಗುಳುವುದೇ? ಈ ಊರಿನ ಯಾವ ಸರ್ಕಾರಿ ಕಟ್ಟಡದ ಮೆಟ್ಟಿಲ ಮೂಲೆಯಾದರೂ ನೋಡಿ. ಎಲೆ ಅಡಿಕೆ, ಗುಟ್ಕಾ ಉಗಿದು ಉಗಿದು ಕೆಂಪಾಗಿದೆ. ಪರಂಪರೆ ಮೇಲೆ ಉಗಿಯುವುದರಲ್ಲಿ ನಮಗೆ ಯಾರೂ ಟ್ರೈನಿಂಗ್ ಕೊಡಬೇಕಿಲ್ಲ.

ಎರಡನೇ ಗ್ಲಾಸಿಗೆ ನಮ್ಮನ್ನು ಮೇಲಿನ ಹಾಲ್‌ಗೆ ಕಳಿಸಿದರು. ಅಲ್ಲೂ ಒಂದು ಬಕೆಟ್. ಅದು ನಿಂತಿದ್ದ ಜಾಗ ನೋಡಿ ನನಗೆ ನಗು ನಿಂತುಹೋಯಿತು. ಹಾಲ್‌ನ ಎಡ ಮೂಲೆ, ಎರಡನೇ ಕಿಟಕಿ ಕೆಳಗೆ. ಲೈಬ್ರರಿ ಇದ್ದಾಗ ಅದೇ ಜಾಗದಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ ಇರುತ್ತಿತ್ತು. ತಾರಸಿ ಸೋರುತ್ತಿತ್ತು. ಮಳೆ ಬಂದರೆ ಟಪ್ ಟಪ್ ಅಂತ ಬೀಳುವ ನೀರಿನ ಸದ್ದಿನಲ್ಲಿ ನಾಲ್ಕು ಮುದುಕರು, ಕೆಎಎಸ್ ಪರೀಕ್ಷೆಗೆ ಓದುವ ಏಳೆಂಟು ಹುಡುಗ ಹುಡುಗಿಯರು ಕೂತಿರುತ್ತಿದ್ದರು. ಮನೆಯಲ್ಲಿ ಓದಲು ಜಾಗ ಇಲ್ಲದ ಮಕ್ಕಳು. ಬಕೆಟ್ ತುಂಬಿದರೆ ಅವರಲ್ಲೇ ಯಾರಾದರೂ ಎದ್ದು ಚೆಲ್ಲಿ ಬರುತ್ತಿದ್ದರು.

ಹನ್ನೊಂದು ವರ್ಷ ಅರ್ಜಿ ಕೊಟ್ಟೆವು. ಗಾರೆ ಹಾಕಿಸಿ ಅಂತ, ಅಷ್ಟೇ. ಅನುದಾನ ಇಲ್ಲ ಅಂದರು. ಚಂದಾ ಎತ್ತಿ ನಾವೇ ಮಾಡಿಸುತ್ತೇವೆ ಅಂದೆವು. 'ಪಾರಂಪರಿಕ ಕಟ್ಟಡ, ಒಂದು ಮೊಳೆ ಹೊಡೆಯುವ ಹಾಗಿಲ್ಲ' ಅಂದರು. ಅದೇ ಕಟ್ಟಡದ ಅಡಿಪಾಯದ ಪಕ್ಕ ಈಗ ಜೆಸಿಬಿ ತಂದು ಎಸಿ ಪೈಪ್ ಇಳಿಸಿದ್ದಾರೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ನಿಮ್ಮದರಲ್ಲೂ ಇರುತ್ತದೆ. ಆರು ಪರ್ಸೆಂಟು. ವರ್ಷ ವರ್ಷ. ಆ ದುಡ್ಡಿನಲ್ಲಿ ಒಂದು ಚೀಲ ಸುಣ್ಣ ಬರಲಿಲ್ಲವಾ? ಈ ಊರಲ್ಲಿ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನೇ ಕೆಡವಲು ಹೊರಟಿದ್ದರು, ಜನ ಬೀದಿಗೆ ಬಂದ ಮೇಲೆ ಉಳಿಯಿತು. ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್ 2017ರಲ್ಲಿ ಹೋಯಿತು. ಉಳಿಸಿಕೊಳ್ಳಲು ಇರುವ ದಾರಿ ಒಂದೇ ಅಂತ ಕಾಣುತ್ತದೆ, ಒಳಗೆ ಬಾಟಲಿ ಇಡುವುದು. ಓದುವವರು ಇದ್ದಾಗ ಸೋರುತ್ತದೆ, ಕುಡಿಯುವವರು ಬಂದರೆ ನಿಲ್ಲುತ್ತದೆ. ಸಾಕಾಗಿದೆ ಕಣ್ರೀ.

ನನಗೆ ಕುಡಿಯುವವರ ಮೇಲೆ ಕೋಪ ಇಲ್ಲ. ಮೂರನೆಯದು ಚೆನ್ನಾಗಿಯೇ ಇತ್ತು.

ಗೋಡೆಯ ಕಪಾಟಿನಲ್ಲಿ ಚಂದಕ್ಕೆ ಅಂತ ಹಳೇ ಪುಸ್ತಕ ಜೋಡಿಸಿದ್ದರು. ಒಂದರ ಬೆನ್ನಿನ ಮೇಲೆ ನಮ್ಮ ಲೈಬ್ರರಿಯ ಚೀಟಿ, ನೀಲಿ ಇಂಕಿನ ನಂಬರು. ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ.

'ಅಂಟಿಸಿದ್ದಾರೆ ಸಾರ್' ಅಂದ ಹುಡುಗ, ಪಾಪ, ತನ್ನದೇ ತಪ್ಪು ಅನ್ನುವ ಹಾಗೆ.

ಹಿಂದಿನ ಗಲ್ಲಿಯಿಂದ ಸುತ್ತಿ ಹೊರಗೆ ಬಂದೆವು. ಬೀಗ ಹಾಕಿದ ಮುಂದಿನ ಗೇಟಿನ ಹತ್ತಿರ, ಹಲಸಿನ ಮರದ ಕೆಳಗೆ, ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿ ರಾಶಿ ಇತ್ತು. ನಮ್ಮ ನೀಲಿಯೇ. ಸಿಪ್ಪೆ ಹುಳಿ, ಒಳಗೆ ಸಿಹಿ, ಬಾಯಿ ತುಂಬ ಬೀಜ. ಎಷ್ಟು ಅಂತ ಕೇಳುವ ಮೊದಲೇ ಗಾಡಿಯಮ್ಮ ಗೊಂಚಲಿಂದ ಎರಡು ಕಿತ್ತು ಕೈಗೆ ಹಾಕಿದಳು.

'ಟೇಸ್ಟ್ ನೋಡಿ ಸಾರ್. ತಗೊಳದಿದ್ರೂ ಪರವಾಗಿಲ್ಲ.'