ಬೈತಲೆಯ ಚಿಂತೆ

ಗಂಡಸು ಹೆಣ್ಣಿನ ಹಾಗೆ ಸಿಂಗರಿಸಿಕೊಳ್ಳಬೇಕೆಂದರೆ ಸೀರೆಯಷ್ಟು ಉಪಕಾರಿ ಬಟ್ಟೆ ಇನ್ನೊಂದಿಲ್ಲ. ಅದಕ್ಕೆ ಸೈಜ್ ಎಂಬುದೇ ಇಲ್ಲ. ಹೊಟ್ಟೆ ಜಾಸ್ತಿ ಇದ್ದರೆ ನೆರಿಗೆ ಒಂದೆರಡು ಕಡಿಮೆ ಬರುತ್ತದೆ, ಅಷ್ಟೆ. ಕೈ ದಪ್ಪ ಇದ್ದು ಬಳೆ ಏರದಿದ್ದರೆ ತಿರುಪಿನ ಕಡಗ ಸಿಗುತ್ತದೆ. ಕಿವಿ ಚುಚ್ಚಿಸಿಲ್ಲವೆಂದರೆ ಒತ್ತುವ ಓಲೆ ಇದೆ. ರವಿಕೆಯದ್ದು ಸ್ವಲ್ಪ ತಾಪತ್ರಯ, ಅದನ್ನೂ ಈಗ ಹಿಗ್ಗುವ ಬಟ್ಟೆಯಲ್ಲಿ ರೆಡಿಮೇಡ್ ಮಾಡಿಟ್ಟಿದ್ದಾರೆ. ಎಲ್ಲ ಮುಗಿಸಿ ಕನ್ನಡಿಯ ಮುಂದೆ ನಿಂತರೆ ಕುತ್ತಿಗೆಯಿಂದ ಕೆಳಗೆ ಒಬ್ಬಾಕೆ, ಮೇಲೆ ಬ್ಯಾಂಕಿನ ಗುಮಾಸ್ತ. ಕೂದಲಿಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ.

ರಜೆಯ ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿಕೊಂಡು ಸೀರೆ ಉಡುವ ಗಂಡಸು ನಾನು. ಯಾಕೆ ಅಂದರೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಹೆಣ್ಣಾಗಿಬಿಡಬೇಕು ಅಂತಲ್ಲ. ಹಾಗೆ ಅನ್ನಿಸುವವರ ಬದುಕು ಬೇರೆ, ಅವರು ಪಡುವ ಪಾಡೂ ಬೇರೆ. ನನಗೆ ಇದು ಸುಮ್ನೆ ಇಷ್ಟ. ಕೆಲವರು ಕೇರಂ ಆಡುತ್ತಾರೆ, ಕೆಲವರು ಸ್ಟಾಂಪ್ ಕೂಡಿಡುತ್ತಾರೆ, ಅಲ್ವಾ?

ಊರಿಗೂ ಇದು ಹೊಸದೇನಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊತ್ತು ಬರುವ ಅರ್ಚಕರು ಸೀರೆ ಉಟ್ಟು ಬಳೆ ತೊಟ್ಟಿರುತ್ತಾರೆ. ಇಡೀ ಬೆಂಗಳೂರು ಕೈಮುಗಿಯುತ್ತದೆ. ಏಣಗಿ ಬಾಳಪ್ಪನವರು (1914–2017) ಎಳೆಯ ವಯಸ್ಸಿನಲ್ಲಿ ಕಂಪನಿ ನಾಟಕದ ಸ್ತ್ರೀಪಾತ್ರಗಳಿಗೆ ಹೆಸರಾಗಿದ್ದವರು. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ಅಂದರೆ ಜನ ಕಾದು ಕೂರುತ್ತಿದ್ದರು. ಆದರೆ ಅವರಿಗೆಲ್ಲ ಒಂದೊಂದು ಕಾರಣ ಇತ್ತು. ಒಬ್ಬರಿಗೆ ದೇವರು, ಒಬ್ಬರಿಗೆ ಕಲೆ, ಒಬ್ಬರಿಗೆ ಹೊಟ್ಟೆಪಾಡು. ನನಗೆ ಹರಕೆಯೂ ಇಲ್ಲ, ಮೇಳವೂ ಇಲ್ಲ. ಹಾಗಾಗಿ ವಿಗ್ಗಿನ ಅಂಗಡಿಯಲ್ಲಿ ಸುಳ್ಳು ಹೇಳಬೇಕಾಗುತ್ತದೆ.

ಸುಳ್ಳುಗಳೂ ಹೊಸವೇನಲ್ಲ. 'ಆಫೀಸಿನಲ್ಲಿ ರಾಜ್ಯೋತ್ಸವದ ನಾಟಕ.' 'ಮಗಳ ಕಾಲೇಜ್ ಡೇ.' ಎಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವುದು 'ಮನೆಯವರಿಗೆ.' ನಾನೂ ಅದನ್ನೇ ಹೇಳಿದೆ. ಮಹಡಿ ಮೇಲಿನ ಸಣ್ಣ ಅಂಗಡಿ. ಕಪಾಟಿನ ತುಂಬ ಥರ್ಮಾಕೋಲ್ ತಲೆಗಳು, ಒಂದಕ್ಕೂ ಕಣ್ಣಿಲ್ಲ. ಅದೇ ಒಂದು ಸಮಾಧಾನ.

"ಮೇಡಂ ತಲೆ ಅಳತೆ ಎಷ್ಟು ಸಾರ್?"

ಯಾವ ಗಂಡನಿಗೆ ಹೆಂಡತಿಯ ತಲೆ ಅಳತೆ ಗೊತ್ತಿರುತ್ತದೆ? "ಹೆಚ್ಚುಕಮ್ಮಿ ನನ್ನಷ್ಟೇ" ಅಂದೆ. ಆತ ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದ. ಹಣೆಯ ಮೇಲೆ ಕೂದಲು ಶುರುವಾಗುವ ಕಡೆಯಿಂದ, ಅಂದರೆ ನನಗೆ ಒಂದು ಕಾಲದಲ್ಲಿ ಶುರುವಾಗುತ್ತಿದ್ದ ಕಡೆಯಿಂದ ಹಿಡಿದು, ಕಿವಿಯ ಹಿಂದೆ ಹಾಯಿಸಿ, ಕತ್ತಿನ ಕುಳಿಯಲ್ಲಿ ಸುತ್ತಿ ತಂದ. "ಇಪ್ಪತ್ತಮೂರು ಇಂಚು. ಮೇಡಂಗೆ ಲಾರ್ಜ್ ಬೇಕಾಗುತ್ತೆ" ಅಂದ. ನಗಲಿಲ್ಲ, ಮುಖವನ್ನೂ ನೋಡಲಿಲ್ಲ. ಇಂಥವರಿಗೆ ವ್ಯಾಪಾರ ಆಗದೆ ಇನ್ಯಾರಿಗೆ ಆಗಬೇಕು?

ಈ ಅಳತೆ ತಮಾಷೆಯ ವಿಷಯವಲ್ಲ. ಹೆಂಗಸರ ವಿಗ್ಗು ಸಾಮಾನ್ಯವಾಗಿ 21½ರಿಂದ 22½ ಇಂಚಿನ ತಲೆಗೆ ಹೊಲಿದಿರುತ್ತಾರೆ. ಗಂಡಸರ ತಲೆ ಅದಕ್ಕಿಂತ ಅರ್ಧ ಇಂಚೋ ಒಂದು ಇಂಚೋ ದೊಡ್ಡದು. ಬುದ್ಧಿ ಜಾಸ್ತಿ ಅಂತಲ್ಲ, ಬುರುಡೆ ದೊಡ್ಡದು. ಚಿಕ್ಕ ವಿಗ್ಗನ್ನು ಎಳೆದು ಹಾಕಿಕೊಂಡರೆ ಅದು ಮೆಲ್ಲಗೆ ಹಿಂದಕ್ಕೆ ಏರುತ್ತಾ ಹೋಗುತ್ತದೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಹಣೆ ನಾಲ್ಕು ಬೆರಳು ಅಗಲವಾಗಿರುತ್ತದೆ. ಒಳಗೆ ಹಿಂಬದಿಯಲ್ಲಿ ಎರಡು ಪಟ್ಟಿಗಳಿರುತ್ತವೆ, ಹುಕ್ಕು ಹಾಕಿ ಬಿಗಿ ಸಡಿಲ ಮಾಡಬಹುದು. ದೊಡ್ಡದನ್ನು ಬಿಗಿ ಮಾಡಬಹುದು, ಚಿಕ್ಕದನ್ನು ಏನೂ ಮಾಡಲಾಗದು.

ಇಲ್ಲಿ ನನ್ನಂಥವರಿಗೆ ಒಂದು ಅನುಕೂಲವಿದೆ. ಅಪ್ಪನಿಂದ ನನಗೆ ಬಂದ ಆಸ್ತಿಯಲ್ಲಿ ಬೋಳುತಲೆಯೂ ಒಂದು. ಮೂವತ್ತು ದಾಟಿದಾಗಿನಿಂದ ಅದಕ್ಕಾಗಿ ಎಷ್ಟು ಎಣ್ಣೆ, ಎಷ್ಟು ಈರುಳ್ಳಿ ರಸ! ಈಗ ನೋಡಿದರೆ ವಿಗ್ಗು ಕೂರಲು ಇದಕ್ಕಿಂತ ಸಪಾಟಾದ ಜಾಗ ಇಲ್ಲ. ದಟ್ಟ ಕೂದಲಿನ ಗಂಡಸರು ಅದನ್ನೆಲ್ಲ ಒತ್ತಿ, ನೈಲಾನ್ ಟೋಪಿಯೊಳಗೆ ತುರುಕಿ, ಮೇಲೆ ವಿಗ್ಗಿಟ್ಟರೆ ತಲೆ ಎರಡು ಪಟ್ಟು ಕಾಣುತ್ತದೆ. ನನ್ನದು ಜಾರುತ್ತದೆ, ನಿಜ. ಅದಕ್ಕೆ ವೆಲ್ವೆಟ್ ಪಟ್ಟಿ ಸಿಗುತ್ತದೆ, ಹಣೆಯ ಅಂಚಿಗೆ ಕಟ್ಟಿಕೊಂಡರೆ ಆಯಿತು.

ಇನ್ನು ಆರಿಸುವುದು. ಈ ಹವ್ಯಾಸದವರು ಯಾರೇ ಆಗಲಿ, ಮೊದಲು ಕೈ ಹಾಕುವುದು ಸೊಂಟದವರೆಗಿನ ಕಡುಗಪ್ಪು ಕೂದಲಿಗೆ. ಮನಸ್ಸಿನೊಳಗಿನ ನಾಯಕಿಗೆ ಯಾವತ್ತೂ ಇಪ್ಪತ್ತೈದೇ ವಯಸ್ಸು. ಕೆಳಗಿರುವ ಮುಖಕ್ಕೆ ಐವತ್ತು ಹತ್ತಿರ. ಎರಡರ ನಡುವೆ ಹೊಂದಾಣಿಕೆ ಮಾಡುವುದೇ ವಿಗ್ ಕೊಳ್ಳುವ ಕೆಲಸ. ಉದ್ದ ನೇರ ಕೂದಲು ಉದ್ದ ಮುಖವನ್ನು ಇನ್ನಷ್ಟು ಎಳೆಯುತ್ತದೆ. ಜೊತೆಗೆ ಕತ್ತಿನ ಹಿಂದೆ ಬಟ್ಟೆಗೆ ಉಜ್ಜಿ ಉಜ್ಜಿ ಗಂಟಾಗುತ್ತದೆ. ಗಂಡಸಿನ ದವಡೆಯ ಮೂಲೆಯನ್ನು ಮರೆಸಬೇಕೆಂದರೆ ಗಲ್ಲದಿಂದ ಕೆಳಗೆ, ಭುಜಕ್ಕೆ ತಾಗಿದಂತೆ, ಸ್ವಲ್ಪ ಅಲೆಯಲೆಯಾಗಿರುವುದೇ ವಾಸಿ. ಸರಿಯಾಗಿ ದವಡೆಯ ಮಟ್ಟಕ್ಕೇ ಕತ್ತರಿಸಿದ್ದು ಬೇಡ, ಅದು ದವಡೆಯನ್ನೇ ಬೆರಳು ಮಾಡಿ ತೋರಿಸುತ್ತದೆ. ಬಣ್ಣಕ್ಕೆ ನಂಬರುಗಳಿವೆ. 1 ಅಂದರೆ ಇದ್ದಿಲುಗಪ್ಪು. ಅಷ್ಟು ಕಪ್ಪು ಕೂದಲು ನಮ್ಮಲ್ಲಿ ಯಾರಿಗೂ ಇರುವುದಿಲ್ಲ. 1ಬಿ ಅಂದರೆ ನಮ್ಮ ಜನರ ಕಪ್ಪು. ವಯಸ್ಸಾದವರಿಗೆ 2, ಕಂದು ಬೆರೆತದ್ದು. ಇದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ನಂಬಬಾರದು. ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಹಾಕಿಕೊಂಡೇ ನೋಡಬೇಕು. ನೋಡಲಿಕ್ಕೆ ಮಾತ್ರ ಅಲ್ಲ. ಕನ್ನಡಕದ ಕಡ್ಡಿ ಕಿವಿಯ ಪಕ್ಕದಲ್ಲಿ ವಿಗ್ಗನ್ನು ಎತ್ತುತ್ತದೆಯೋ ಇಲ್ಲವೋ ಗೊತ್ತಾಗುವುದು ಆಗಲೇ.

ಪರದೇಶದವರ ವೀಡಿಯೋಗಳಲ್ಲಿ ಒಂದು ಉಪದೇಶ ತಪ್ಪದೆ ಬರುತ್ತದೆ. ಮುಂಗುರುಳು ಹಣೆ ಮುಚ್ಚುವಂತೆ ಕತ್ತರಿಸಿದ್ದನ್ನು ಕೊಳ್ಳಿ, ಗಂಡಸಿನ ಹುಬ್ಬಿನ ದಿಂಡೂ ಮರೆಯಾಗುತ್ತದೆ, ವಿಗ್ಗಿನ ಅಂಚೂ ಕಾಣುವುದಿಲ್ಲ ಅಂತ. ಅವರಿಗೇನು, ಹೇಳುತ್ತಾರೆ. ಸೀರೆ ಉಟ್ಟವಳಿಗೆ ಹಣೆ ಬೇಕಲ್ಲ! ಕುಂಕುಮ ಎಲ್ಲಿಡುವುದು? ಹಣೆ ಬಿಟ್ಟರೆ ವಿಗ್ಗಿನ ಅಂಚು ಬಯಲಿಗೆ ಬಂತು. ಅಗ್ಗದ ವಿಗ್ಗಿನ ಅಂಚು ನೋಡಿದರೆ ಕೂದಲು ಚರ್ಮದಿಂದ ಹುಟ್ಟಿದಂತಿರುವುದಿಲ್ಲ, ಗೋಡೆ ಎಬ್ಬಿಸಿದಂತಿರುತ್ತದೆ. ಬೈತಲೆ ತೆಗೆಯಲು ಹೋದರೆ ಒಳಗಿನ ಹೊಲಿಗೆಯ ಸಾಲುಗಳು ಕಾಣುತ್ತವೆ. ಇದಕ್ಕೆ ಮದ್ದು ಲೇಸ್ ಫ್ರಂಟ್. ಮುಂದಿನ ಎರಡು ಮೂರು ಇಂಚಿಗೆ ತೆಳ್ಳನೆಯ ಜಾಲರಿ, ಅದರ ಕಣ್ಣುಗಳಿಗೆ ಒಂದೊಂದೇ ಕೂದಲನ್ನು ಕೊಕ್ಕೆಯಿಂದ ಎಳೆದು ಗಂಟು ಹಾಕಿರುತ್ತಾರೆ. ಜಾಲರಿಯ ಮೂಲಕ ನಿಮ್ಮ ಚರ್ಮವೇ ಕಾಣುತ್ತದೆ. ಮನೆಗೆ ತಂದ ಮೇಲೆ ಚಿಮಟದಿಂದ ಬೈತಲೆಯ ಅಕ್ಕಪಕ್ಕ ಅಲ್ಲೊಂದು ಇಲ್ಲೊಂದು ಕೂದಲು ಕಿತ್ತು, ಮುಖದ ಪೌಡರನ್ನೇ ಚೂರು ಬೈತಲೆಗೆ ಒರೆಸಿದರೆ ಅದು ಅಂಗಡಿಯ ಮಾಲು ಅನ್ನಿಸುವುದಿಲ್ಲ. ದುಡ್ಡು ಕೊಟ್ಟು ಕೊಂಡ ಕೂದಲನ್ನು ಕೈಯಾರೆ ಕೀಳುವ ಸಂಕಟ ಬೋಳುತಲೆಯವನಿಗೆ ಮಾತ್ರ ಗೊತ್ತು.

ಎರಡನೆಯ ತೊಡಕು ತುರುಬು. ಬರೀ ಮುಂದೆ ಲೇಸ್ ಇದ್ದರೆ ಕೂದಲು ಬಿಟ್ಟುಕೊಂಡೇ ಇರಬೇಕು. ಎತ್ತಿ ಕಟ್ಟಿದರೆ ಕತ್ತಿನ ಹಿಂದೆ ಹೊಲಿಗೆ ಪಟ್ಟಿಗಳೆಲ್ಲ ಬಯಲು. ಸುತ್ತಲೂ ಲೇಸ್ ಇರುವುದು ಸಿಗುತ್ತದೆ, ಬೆಲೆ ಕೇಳಿದರೆ ಅಲ್ಲೇ ಕೂರಬೇಕಾಗುತ್ತದೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಉಪಾಯವಿದೆ. ಅರ್ಧ ಕೂದಲು ಎತ್ತಿ ಕ್ಲಿಪ್ಪು ಹಾಕಿ, ಕೆಳಗೆ ಒಂದು ಮೊಳ ಮಲ್ಲಿಗೆ ಇಳಿಬಿಟ್ಟರೆ ಯಾವ ಹೊಲಿಗೆಯೂ ಕಾಣದು. ಸಿಂಥೆಟಿಕ್ ಕೂದಲಲ್ಲಿ ಹೂವಿನ ಪಿನ್ನು ನಿಲ್ಲುವುದಿಲ್ಲ, ಜಾರುತ್ತದೆ. ಪಿನ್ನನ್ನು ಕೂದಲಿಗಲ್ಲ, ಒಳಗಿನ ಪಟ್ಟಿಗೇ ಸಿಕ್ಕಿಸಬೇಕು. ಇದನ್ನು ಹೇಳಿಕೊಟ್ಟವಳು ನನ್ನ ಹೆಂಡತಿ. ಅವಳ ವಿಷಯ ಆಮೇಲೆ.

ಸಿಂಥೆಟಿಕ್‌ನದು ಇನ್ನೂ ಒಂದು ಗುಣ. ಮೂಲತಃ ಅದು ಪ್ಲಾಸ್ಟಿಕ್. ಒಗ್ಗರಣೆ ಹಾಕಲು ಬಾಗಿದರೆ ತುದಿ ಮುರುಟಿಕೊಳ್ಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆಯೂ ಸಾಕು. ಆದರೆ ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ತಣ್ಣೀರಿನಲ್ಲಿ ಚೂರು ಶಾಂಪೂ ಹಾಕಿ ಅದ್ದಿ ನೇತುಹಾಕಿದರೆ ತನ್ನ ಅಲೆಗಳ ಸಮೇತ ಒಣಗುತ್ತದೆ. ಮನುಷ್ಯರ ಕೂದಲಿನದು ಬಾಚಿ ಸುರುಳಿ ಮಾಡಿದ ಹಾಗೆ ಕೇಳುತ್ತದೆ. ಒಳ್ಳೆಯದು ಬೇಕೆಂದರೆ ಇಪ್ಪತ್ತು ಸಾವಿರದ ಮೇಲೆ ಬಿಚ್ಚಬೇಕು.

ಅದು ಬರುವ ದಾರಿ ಕುತೂಹಲದ್ದು. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ, ಅದು ದೇಶ ದೇಶಕ್ಕೆ ಹೋಗುತ್ತದೆ. 2004ರಲ್ಲಿ ಈ ಸಂಗತಿ ತಿಳಿದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸಂಪ್ರದಾಯಸ್ಥ ಯೆಹೂದಿಗಳು, ಅನ್ಯ ದೇವರಿಗೆ ಅರ್ಪಿಸಿದ್ದು ನಮಗೆ ಬೇಡ ಎಂದು, ಹೆಂಗಸರ ವಿಗ್ಗುಗಳನ್ನು ಬೀದಿಯಲ್ಲಿ ಸುಟ್ಟರು. ಮುಡಿಯ ಕೂದಲು ಬುಡ ಒಂದು ಕಡೆ, ತುದಿ ಒಂದು ಕಡೆ ಇದ್ದಂತೆಯೇ ಉಳಿದರೆ ಅದನ್ನು ರೆಮಿ ಎನ್ನುತ್ತಾರೆ. ಬೇಗ ಸಿಕ್ಕಾಗುವುದಿಲ್ಲ. ಇನ್ನೊಂದು ಬಗೆ ಬಾಚಣಿಗೆಯಲ್ಲಿ ಉದುರಿದ್ದು. ಹಳ್ಳಿಯಲ್ಲಿ ಅಜ್ಜಿ ಅದನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಿದ್ದಳು. ಕೂದಲು ಕೊಳ್ಳುವವರು ಬಂದಾಗ ಕೊಟ್ಟು ಪಿನ್ನೋ ರಿಬ್ಬನ್ನೋ ತೆಗೆದುಕೊಳ್ಳುತ್ತಿದ್ದಳು. ಇಂಥ ಉಂಡೆಗಳನ್ನು ಬಿಡಿಸಿ, ಒಪ್ಪ ಮಾಡಿ ಕಟ್ಟುವ ದೊಡ್ಡ ಉದ್ಯಮವೇ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದೆ. ಆ ಕೂದಲಿಗೆ ತಲೆಬುಡ ಗೊತ್ತಿರುವುದಿಲ್ಲ. ಮೇಲಿನ ಪದರ ಕರಗಿಸಿ, ಸಿಲಿಕೋನ್ ಹಚ್ಚಿ ಮಿನುಗಿಸಿ ಮಾರುತ್ತಾರೆ. ನಾಲ್ಕು ಸಲ ತೊಳೆದರೆ ಬಣ್ಣ ಬಯಲು. ಅಜ್ಜಿ ಒಂದು ಪಿನ್ನಿಗೆ ಕೊಟ್ಟ ಕೂದಲನ್ನು ಮೊಮ್ಮಗ ಸಾವಿರಗಟ್ಟಲೆ ಕೊಟ್ಟು ವಾಪಸು ತರುವುದನ್ನು ನೆನೆದು ನಾನು ಸಿಂಥೆಟಿಕ್‌ಗೇ ನಿಂತೆ.

ಅಂಗಡಿಯಾತ ಒಂದೊಂದಾಗಿ ಇಟ್ಟು ತೆಗೆದ. ಭುಜದುದ್ದದ, ಪಕ್ಕಕ್ಕೆ ಬೈತಲೆ ಇದ್ದ 2ನೇ ನಂಬರಿನದು ತಲೆಗೇರಿದಾಗ ಕನ್ನಡಿಯಲ್ಲಿ ಶಿವಮೊಗ್ಗದ ನನ್ನ ಅಕ್ಕ ಕೂತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕ. 'ಕರೆಂಟ್ ಬಿಲ್ ಕಟ್ಟಿದ್ಯೇನೋ?' ಅಂತ ಈಗ ಕೇಳಿಬಿಡುತ್ತಾಳೆ ಎನ್ನುವ ಮುಖ. ನನಗೆ ನಿರಾಸೆಯೇ ಆಯಿತು. ನಾನು ಹುಡುಕಿ ಹೋದದ್ದು ಯಾರೋ ಗುರುತಿಲ್ಲದ ಚೆಲುವೆಯನ್ನು. ಸಿಕ್ಕಿದ್ದು ನಮ್ಮ ಮನೆತನದ ಮೂಗು, ನಮ್ಮ ಮನೆತನದ ಗಲ್ಲ. ಉಳಿದ ವಿಗ್ಗುಗಳಲ್ಲಿ ವಿಗ್ಗು ಚೆನ್ನಾಗಿ ಕಾಣುತ್ತಿತ್ತು, ಕೆಳಗಿನ ಮುಖ ವೇಷ ಹಾಕಿದಂತಿತ್ತು. ಇದೊಂದರಲ್ಲಿ ಮಾತ್ರ ಇಬ್ಬರಿಗೂ ಜಗಳವಿರಲಿಲ್ಲ. ಪಕ್ಕದ ಮನೆಯಲ್ಲಿರಬಹುದಾದ, ತರಕಾರಿಯವನ ಹತ್ತಿರ ಚೌಕಾಸಿ ಮಾಡಬಹುದಾದ ಹೆಂಗಸು.

"ಇದು ಮೇಡಂಗೆ ಒಪ್ಪುತ್ತೆ ಸಾರ್" ಅಂದ ಆತ. ಕಾರ್ಡ್ ಉಜ್ಜಿದೆ.

ಹೆಂಡತಿಗೆ ನನ್ನ ಈ ಹುಚ್ಚು ಗೊತ್ತಾಗಿ ಬಹಳ ಕಾಲವಾಯಿತು. ಮೊದಲು ಅತ್ತಳು, ಆಮೇಲೆ ಮಾತು ಬಿಟ್ಟಳು, ಆಮೇಲೆ ನಾನು ನೆರಿಗೆ ಹಿಡಿಯುವ ರೀತಿ ನೋಡಲಾಗದೆ ಎದ್ದು ಬಂದು ತಾನೇ ಸರಿ ಮಾಡಿದಳು. ಈ ವಿಗ್ ನೋಡಿ ಬಾಗಿಲಲ್ಲೇ ನಿಂತಳು.

"ರೀ, ಥೇಟ್ ನಿಮ್ಮ ಅಕ್ಕ. ಕಾಫಿ ಕೊಡ್ಲಾ ಅಂತ ಕೇಳೋಳಿದ್ದೆ."

ಸುತ್ತ ಒಂದು ಸಲ ನೋಡಿದಳು. ಬೈತಲೆ ಮುಟ್ಟಿ ನೋಡಿದಳು. ಥೈರಾಯ್ಡ್ ಶುರುವಾದ ಮೇಲೆ ಅವಳದೂ ಕೂದಲು ಉದುರಿ ನೆತ್ತಿ ಬಿಳುಚಿಕೊಂಡಿದೆ. ಈಚೆಗೆ ಫೋಟೋಗೆ ನಿಲ್ಲುವುದಿಲ್ಲ. "ಎಷ್ಟು ಕೊಟ್ರಿ?" ಅಂದಳು. ಹೇಳಿದೆ. ಬೈಯಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ತಿಂಗಳು ಅವಳ ಅಣ್ಣನ ಮಗಳ ಮದುವೆ. ವಿಗ್ ಅವಳ ಜೊತೆ ದಾವಣಗೆರೆಗೆ ಹೊರಟಿದೆ. ಒಳಗಿನ ಪಟ್ಟಿಗಳನ್ನು ಅವಳ ತಲೆಗೆ ಬಿಗಿ ಮಾಡಿ, ಹುಕ್ಕು ಹಾಕಿ ಕೊಟ್ಟಿದ್ದೇನೆ. ಎರಡು ಸಲ ಎಚ್ಚರಿಸಿದ್ದೇನೆ ಕೂಡ: ಯಾರು ಎಷ್ಟೇ ಕರೆದರೂ ಹೋಮದ ಹತ್ತಿರ ಮಾತ್ರ ಬಾಗಬೇಡ.