ಆ ಹೆಡ್‌ಸೆಟ್‌ನ ರೋಗಿಗೆ ತುಳು ಬರುವುದಿಲ್ಲ

ಮಂಗಳೂರಲ್ಲಿ ಎಂಬಿಬಿಎಸ್ ಓದುವ ತಂಗಿಯ ಮಗಳು ಮೊನ್ನೆ ಕಾಲೇಜಿನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಳು. "ದೊಡ್ಡಮ್ಮ, ಕನ್ನಡಕ ತೆಗೀರಿ, ಇದನ್ನು ಹಾಕಿ" ಅಂತ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತಲೆಗೆ ಕಟ್ಟಿದಳು, ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ನಿಂತ ಹಾಗೆ ತೋರಿಸುವ ಯಂತ್ರ. ಕಣ್ಣೆದುರು ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಹೃದಯ, ಬಡಿಯುತ್ತಿತ್ತು! ಮೈಟ್ರಲ್ ಕವಾಟದ ಎರಡು ಎಸಳು ತೆರೆದು ಮುಚ್ಚುವುದನ್ನು ಒಳಗೇ ನಿಂತು ನೋಡಿದೆ. ನರ್ಸಿಂಗ್ ಓದುವಾಗ ನಾವು ಕಂಡದ್ದು ಫಾರ್ಮಲಿನ್ ಜಾಡಿಯಲ್ಲಿ ಬೂದು ಬಣ್ಣಕ್ಕೆ ತಿರುಗಿ ಬಿದ್ದಿದ್ದ ಹೃದಯ. ಆಗ ಕಣ್ಣಲ್ಲಿ ನೀರು ಬಂದದ್ದು ಉರಿಗೆ, ಮೊನ್ನೆ ಸಂತೋಷಕ್ಕೆ.

ಆಮೇಲೆ ವರ್ಚುವಲ್ ರೋಗಿಯನ್ನು ತೋರಿಸಿದರು. ಮಂಚದ ಮೇಲೆ ಒಬ್ಬ ಗಂಡಸು. ಕೇಳಿದ್ದಕ್ಕೆಲ್ಲ ಇಂಗ್ಲಿಷಲ್ಲಿ ಸ್ಪಷ್ಟ ಉತ್ತರ: ನೋವು ಎದೆಯ ನಡುವೆ, ಎಡತೋಳಿಗೆ ಇಳಿಯುತ್ತಿದೆ, ನೋವಿನ ತೀವ್ರತೆ ಹತ್ತಕ್ಕೆ ಎಂಟು. ನನಗೆ ಸಿಟ್ಟು ಬಂದದ್ದು ಅಲ್ಲಿ.

30 ವರ್ಷ ಕಾಸರಗೋಡಿನ ವಾರ್ಡುಗಳಲ್ಲಿ ದುಡಿದವಳು ನಾನು. ಹೀಗೆ ಹೇಳಿದ ಒಬ್ಬ ರೋಗಿಯನ್ನೂ ಕಂಡಿಲ್ಲ. ಎದೆನೋವಿಗೆ ತುಳುವಲ್ಲಿ "ತಿಗಲೆ ಬೇನೆ" ಅನ್ನುತ್ತಾರೆ, ಮಲಯಾಳದಲ್ಲಿ "ನೆಂಜು ವೇದನ" ಅನ್ನುತ್ತಾರೆ. ಹೆಚ್ಚಿನವರದ್ದು "ಗ್ಯಾಸ್ ಸಿಸ್ಟರೇ, ಒಂದು ಮಾತ್ರೆ ಕೊಡಿ". ಬ್ಯಾರಿ, ಕೊಂಕಣಿ, ಮರಾಠಿ ಮಾತ್ರ ಬರುವ ಅಜ್ಜಿಯಂದಿರು ಬೆರಳಿಟ್ಟು ತೋರಿಸುತ್ತಾರೆ, ಆ ಬೆರಳು ಹೊಟ್ಟೆಯ ಮೇಲಿರುತ್ತದೆ.

ನನ್ನ ಅಪ್ಪನೂ ಗ್ಯಾಸ್ ಅಂತಲೇ ಹೇಳಿದ್ದರು. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲೂ ಎದೆನೋವು ಕಾಣದಿರಬಹುದು ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆದರೂ ಜೀರಿಗೆ ಕಷಾಯ ಮಾಡಿ ಕೊಟ್ಟೆ. ಅಂಗಿಯ ಬೆನ್ನು ಒದ್ದೆಯಾದದ್ದು ಕಂಡಿತ್ತು, ಸೆಖೆ ಅಂದುಕೊಂಡೆ. ಗಡಿಯ ತಲಪಾಡಿ ದಾಟಿ ಮಂಗಳೂರು ಮುಟ್ಟುವಾಗ ತಡವಾಗಿತ್ತು. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಹುಡುಗಿ ವಾದಿಸಿದಳು, ಇದೆಲ್ಲ ಕೈ ಪಳಗಲಿಕ್ಕೆ ದೊಡ್ಡಮ್ಮ, ಭಾಷೆ ವಾರ್ಡಿನಲ್ಲಿ ತನ್ನಿಂತಾನೇ ಬರ್ತದೆ ಅಂತ. ಕೈ ಪಳಗುತ್ತದೆ, ಒಪ್ಪಿದೆ. 2002ರಲ್ಲೇ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಅದನ್ನು ತೋರಿಸಿತ್ತು: ವಿಆರ್‌ನಲ್ಲಿ ಅಭ್ಯಾಸ ಮಾಡಿದ ಕಿರಿಯ ಸರ್ಜನ್‌ಗಳು ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ 29ರಷ್ಟು ಬೇಗ ಮುಗಿಸಿದರು, ತಪ್ಪೂ ಕಡಿಮೆ. ಆದರೆ ಮಾತಾಡುವ ರೋಗಿಯನ್ನೇ ಮಾಡಿಟ್ಟ ಮೇಲೆ ನಮ್ಮ ಮಾತನ್ನೇ ಕೊಡಬಹುದಿತ್ತಲ್ಲ? 2019ರ ಪಠ್ಯಕ್ರಮದಿಂದ ರೋಗಿಯ ಜತೆ ಮಾತಾಡುವುದೂ ಎಂಬಿಬಿಎಸ್‌ಗೆ ಪಾಠವೇ. ವಾರ್ಡಿನಲ್ಲಿ ಕಲಿಯುವುದೆಂದರೆ ಯಾರದೋ ಅಪ್ಪನ ಮೇಲೆ ಕಲಿಯುವುದು. ಅದು ತಪ್ಪಲಿ ಅಂತಲೇ ಈ ಯಂತ್ರ ಬಂದದ್ದು!

ಅಲ್ಲಿದ್ದ ತಂತ್ರಜ್ಞ ಹುಡುಗನನ್ನು ಕೇಳಿದೆ. ಬೇರೆ ಭಾಷೆಯ ಧ್ವನಿ ಸೇರಿಸಬಹುದಂತೆ, ಇಷ್ಟರವರೆಗೆ ಯಾರೂ ಕೇಳಲಿಲ್ಲವಂತೆ. ಕಾಸರಗೋಡಿನ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಕೂತಲ್ಲೇ ಕರ್ಣನಾಗುವ ಅರ್ಥಧಾರಿಗಳು ಇಲ್ಲಿ ಎಷ್ಟು ಜನ ಬೇಕು? ಒಬ್ಬ ಎದೆನೋವಿನ ರೋಗಿಯಾಗುವುದು ಅವರಿಗೆ ಕಷ್ಟವೇ?

ನಿಮ್ಮ ಮನೆಯ ಹಿರಿಯರು ಮೈಗೆ ಸರಿಯಿಲ್ಲದಾಗ ಏನನ್ನುತ್ತಾರೆ, ಅವರದೇ ಭಾಷೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸಿ. ಆ ಹುಡುಗನಿಗೆ ಮುಟ್ಟಿಸುವ ಜವಾಬ್ದಾರಿ ನನ್ನದು. ಪಕ್ಕದ ಮನೆಯ ಅಜ್ಜಿಯ ತುಳು "ತರೆ ತಿರ್ಗುಂಡು" (ತಲೆ ತಿರುಗುತ್ತಿದೆ) ನಿನ್ನೆಯೇ ಸಿಕ್ಕಿತು.